ನೀರು ಖಾಲಿ ಮಾಡದ ಮಿಸ್ತ್ರಿ

ಭೂಕಂಪವಾದ ಮೇಲಿನ ಐದನೆಯ ಚಳಿಗಾಲ, ಎಳ್ಳಮಾಸೆಯ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಉಮರ್ಗಾದಿಂದ ತುರೋರಿಗೆ ಹೋಗುವ ಹೆದ್ದಾರಿಯ ಬದಿಯ ಆಸ್ಪತ್ರೆಯಲ್ಲಿ ಏಳನೇ ಹಾಸಿಗೆಯ ಹೆಂಗಸಿನ ಎರಡೂ ಪಾದಗಳು ಬಿಸಿನೀರಿನಲ್ಲಿ ಬೆಂದವು. ಆಕೆ ಕೂಗಲಿಲ್ಲ. ಆಕೆಗೆ ಅದು ಗೊತ್ತೇ ಆಗಲಿಲ್ಲ. ಮೊದಲು ಕಂಡವರು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ, ಆಸ್ಪತ್ರೆಯ ಬಾಯ್ಲರು, ಪೈಪು ನೋಡಿಕೊಳ್ಳುವ ಮಿಸ್ತ್ರಿ.

ಮಿಸ್ತ್ರಿಗೆ ಹುಬ್ಬುಗಳಿರಲಿಲ್ಲ. ಹರೆಯದಲ್ಲಿ ಆಳಂದದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರಿನ ಬಾಗಿಲು ತೆರೆದಾಗ ಉರಿ ಹೊರಗೆ ಹಾರಿ ಎರಡೂ ಹುಬ್ಬು, ರೆಪ್ಪೆಕೂದಲು ತೆಗೆದುಕೊಂಡು ಹೋಗಿತ್ತು. ರೆಪ್ಪೆಕೂದಲು ತಿರುಗಿ ಬಂದವು, ಹುಬ್ಬು ಬರಲಿಲ್ಲ. ಹಾಗಾಗಿ ಅವರ ಮುಖದಲ್ಲಿ ಸಿಟ್ಟೂ ಒಂದೇ, ನಗುವೂ ಒಂದೇ. ಹೊಸಬರು ಅವರ ಮಾತನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದರು. ಅವರು ಆಡುತ್ತಿದ್ದ ಮಾತುಗಳಲ್ಲಿ ಹೆಚ್ಚಿನವು ಕ್ರೂರವಾಗಿದ್ದವು.

ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟವರು ಹೊರದೇಶದವರು. ಮನೆ ಬಿದ್ದು ಬೆನ್ನುಮೂಳೆ ಮುರಿದವರು, ಸೊಂಟದ ಕೆಳಗೆ ಸ್ಪರ್ಶ ಕಳೆದುಕೊಂಡವರು ಅಲ್ಲಿದ್ದರು. ನಕ್ಷೆ ಮಾಡಿದವರು ಹಿಮ ಬೀಳುವ ಊರಿನವರಾದ್ದರಿಂದ ವಾರ್ಡಿನ ಗೋಡೆಗಳಿಗೆ ಕಬ್ಬಿಣದ ರೇಡಿಯೇಟರುಗಳನ್ನು ಕೂಡಿಸಿದ್ದರು. ಬಾಯ್ಲರಿನಲ್ಲಿ ಕಾದ ನೀರು ಪೈಪಿನಲ್ಲಿ ಹರಿದು, ಅವುಗಳ ಹೊಟ್ಟೆ ಹೊಕ್ಕು ವಾರ್ಡನ್ನು ಬೆಚ್ಚಗಿಡುತ್ತಿತ್ತು. ವರ್ಷದ ಎಂಟು ತಿಂಗಳು ಬೆಂಕಿಯಂಥ ಬಿಸಿಲಿರುವ ಸೀಮೆಯಲ್ಲಿ ಅವುಗಳ ಮೇಲೆ ರೋಗಿಗಳ ಸೀರೆ ಒಣಗುತ್ತಿದ್ದವು. ಮಾರ್ಗಶಿರ, ಪುಷ್ಯ ಎರಡು ತಿಂಗಳು ಮಾತ್ರ ಅವಕ್ಕೆ ಕೆಲಸ. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಜೊತೆಗೆ ಗಡಿಯಾಚೆಯ ಒಂದು ಕನ್ನಡ ಪತ್ರಿಕೆಗೆ ಈ ಭಾಗದ ಸುದ್ದಿ ಕಳಿಸುತ್ತಿದ್ದೆ.

ರೇಡಿಯೇಟರಿನ ಕಾಲ ಬಳಿ ಒಂದೊಂದು ವಾಲ್ವ್. ಬೋರಿನ ನೀರಿನ ಸುಣ್ಣಕ್ಕೆ ಅವು ವರ್ಷಕ್ಕೆ ನಾಲ್ಕೈದು ಸೋರುತ್ತಿದ್ದವು. ಹೊರದೇಶದವರು ಕೊಟ್ಟ ಪುಸ್ತಕದಲ್ಲಿ ವಾಲ್ವ್ ಬದಲಿಸುವ ಮುಂಚೆ ಇಡೀ ವ್ಯವಸ್ಥೆಯ ನೀರನ್ನು ಖಾಲಿ ಮಾಡಬೇಕು ಎಂದು ಬರೆದಿತ್ತು. ಮಿಸ್ತ್ರಿ ಒಂದು ಸಲವೂ ಖಾಲಿ ಮಾಡಲಿಲ್ಲ. ಟ್ಯಾಂಕರ್ ದಿನ ಬಿಟ್ಟು ದಿನ ಬರುತ್ತಿದ್ದ ಕಾಲ ಅದು, ಅದೊಂದು ಕಾರಣ. ಆದರೆ ಅವರು ಹೇಳುತ್ತಿದ್ದ ಕಾರಣ ಬೇರೆ.

"ಹಳೀ ನೀರಿನ್ಯಾಗ ಇದ್ದ ಸುಣ್ಣ ಎಲ್ಲಾ ಪೈಪಿಗೆ ಹತ್ತಿ ಮುಗದದ. ಈಗದು ಸತ್ತ ನೀರು. ಸತ್ತದ್ದು ಯಾರಿಗೂ ತ್ರಾಸ ಕೊಡಂಗಿಲ್ಲ. ಹೊಸಾ ನೀರ ತುಂಬಿದ್ರ ಹೊಸಾ ಸುಣ್ಣ. ಒಂದು ವಾಲ್ವ್ ಸಲುವಾಗಿ ಹತ್ತು ವಾಲ್ವ್ ಕೆಡಸ್ಲೇನು?"

ಅವರ ವಿಧಾನವನ್ನು ನನಗೆ ತಿಳಿಸಿದ್ದು ತುರೋರಿಯ ರಸ್ತೆಬದಿಯ ಹೋಟೆಲಿನಲ್ಲಿ, ಸೋಡಾ ಕುಡಿಯುವ ಪ್ಲಾಸ್ಟಿಕ್ ನಳಿಕೆಯಿಂದ. ನಳಿಕೆಯನ್ನು ಸೋಡಾದಲ್ಲಿ ಅದ್ದಿ, ಮೇಲಿನ ತುದಿಗೆ ಬೆರಳೊತ್ತಿ ಎತ್ತಿದರು. ಒಂದು ಹನಿಯೂ ಕೆಳಗೆ ಬೀಳಲಿಲ್ಲ.

"ನೋಡು. ಮ್ಯಾಲಿನ ಬಾಯಿ ಮುಚ್ಚಿದ್ರ ತೆಳಗಿನ ಬಾಯಿ ಬಿಚ್ಚಿದ್ರೂ ನೀರು ಹೊಂಡಂಗಿಲ್ಲ. ಗಾಳಿ ಒಳಗ ಬರಬೇಕು, ಆವಾಗೇ ನೀರು ಹೊರಗ ಹೋಗ್ತದ." ಬೆರಳು ತೆಗೆದರು. ಸೋಡಾ ನನ್ನ ಅಂಗಿಯ ಮೇಲೆ ಬಿತ್ತು. "ತಿಳೀತಿಲ್ಲ? ಪೇಪರಿಗೆ ಬರಿಯಾಂವ ನೀ, ತೋಯಿಸಿಕೊಂಡ್ರೇ ತಿಳಿಯೋದು."

ಆಸ್ಪತ್ರೆಯ ಮಾಳಿಗೆಯ ಮೇಲೆ ಒಂದು ಸಣ್ಣ ತೊಟ್ಟಿ ಇತ್ತು. ಅದರಿಂದ ಇಳಿಯುವ ಪೈಪು ಒಂದು. ಪಕ್ಕದಲ್ಲಿ ಬಗ್ಗಿ ನಿಂತ, ಒಳಗಿನ ಗಾಳಿ ಹೊರಗಾಡುವ ಉಸಿರಿನ ಪೈಪು ಇನ್ನೊಂದು. ತೊಟ್ಟಿಯ ತೂತಿಗೆ ಅರಿವೆ ಸುತ್ತಿದ ಕಟ್ಟಿಗೆಯ ಗೂಟ ಬಡಿದರೆ ಸಾಕಾಗುತ್ತಿತ್ತು. ಉಸಿರಿನ ಪೈಪಿನ ಬಾಯಿ ಸೊಟ್ಟಗಾಗಿತ್ತು. ಯಾವ ರಬ್ಬರೂ ಕೂಡುತ್ತಿರಲಿಲ್ಲ. ಅದಕ್ಕೆ ಮಿಸ್ತ್ರಿ ಅಡುಗೆಮನೆಯಿಂದ ಜೋಳದ ಹಿಟ್ಟು ತಂದು, ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ಗೂಟದ ಸುತ್ತ ಮೆತ್ತುತ್ತಿದ್ದರು. ಆಮೇಲೆ ಕೆಳಗೆ ಬಂದು ಹಳೆ ವಾಲ್ವ್ ಬಿಚ್ಚಿ, ಹೊಸದನ್ನು ತಿರುಗಿಸಿ ಕೂಡಿಸುತ್ತಿದ್ದರು. ಒಂದು ಬಟ್ಟಲು ನೀರು ನೆಲಕ್ಕೆ ಬೀಳುತ್ತಿತ್ತು, ಅಷ್ಟೆ. ಈ ಕೆಲಸಕ್ಕೆ ಎರಡು ನೇಮ. ಹಿಂದಿನ ದಿನವೇ ಬಾಯ್ಲರ್ ಆರಿಸಿ ನೀರು ತಣ್ಣಗಾಗಬೇಕು. ಕೆಳಗಿನಿಂದ 'ಆತು' ಎಂಬ ಕೂಗು ಬರುವವರೆಗೆ ಮಾಳಿಗೆಯ ಮೇಲೆ ಒಬ್ಬ ಮನುಷ್ಯ ಹಿಟ್ಟಿನ ಬಳಿ ನಿಂತಿರಬೇಕು.

ಏಳನೇ ಹಾಸಿಗೆಯ ಹೆಂಗಸು ನಿಲಂಗಾ ತಾಲೂಕಿನ ಒಂದು ಹಳ್ಳಿಯವಳು. ಭೂಕಂಪದಲ್ಲಿ ಮಾಳಿಗೆಯ ಮಣ್ಣು ಬೆನ್ನ ಮೇಲೆ ಬಿದ್ದು ಸೊಂಟದ ಕೆಳಗೆ ಮೈ ಇಲ್ಲವಾಗಿತ್ತು. ಎರಡು ಊರಿನ ಆಸ್ಪತ್ರೆಗಳನ್ನು ಮುಗಿಸಿ ಇಲ್ಲಿಗೆ ಬಂದಿದ್ದಳು. ಅವಳ ಎಡ ಹಿಮ್ಮಡಿಯಲ್ಲಿ ಮಲಗಿ ಮಲಗಿ ಆದ ಹುಣ್ಣೊಂದಿತ್ತು. ಅದು ಮಾಯ್ದರೆ ಮನೆಗೆ ಕಳಿಸುತ್ತೇನೆಂದು ಡಾಕ್ಟರು ಹೇಳಿದ್ದರು. ಗಂಡ ತಿಂಗಳಿಗೊಮ್ಮೆ ಬುತ್ತಿಯಲ್ಲಿ ಶೇಂಗಾ ಕಟ್ಟಿಕೊಂಡು ಬರುತ್ತಿದ್ದ. ಅವನ ತಾಯಿ ಯುಗಾದಿಯವರೆಗೆ ಕಾಯುವುದಾಗಿ ಹೇಳಿದ್ದಳು. ಅಷ್ಟರಲ್ಲಿ ಸೊಸೆ ಬಾರದಿದ್ದರೆ ಮಗನಿಗೆ ಇನ್ನೊಂದು ಹೆಣ್ಣು. ಇದು ಇಡೀ ವಾರ್ಡಿಗೆ ಗೊತ್ತಿತ್ತು. ಆ ಮಾರ್ಗಶಿರದಲ್ಲಿ ಹುಣ್ಣು ಮುಚ್ಚಿಕೊಂಡಿತು. ಸಂಕ್ರಾಂತಿ ಮುಗಿದ ವಾರ ಮನೆಗೆ ಹೋಗುವುದೆಂದು ಗೊತ್ತಾಯಿತು.

ಮಿಸ್ತ್ರಿ ಅವಳನ್ನು ಬಿಡುತ್ತಿರಲಿಲ್ಲ.

"ಏಳು ನಂಬರ, ನಿನಗೇನು ಬಿಡವ್ವಾ, ಚಳಿ ಹತ್ತಿದ್ರೂ ಅರ್ಧಾ ಮೈಗೇ ಹತ್ತತದ."

"ನಿನ್ನ ಹುಬ್ಬು ಇಲಿ ತಿಂದ್ವೇನು ಮಿಸ್ತ್ರಿ? ಮೊದಲು ಅವು ಹುಡಕೋ ಹೋಗು."

"ಗಂಡನ ಮನಿಗಿ ಹೋಗಿ ಏನು ಮಾಡ್ತಿ? ಕುಂತಲ್ಲೇ ಕುಂತು ಅತ್ತಿ ಸಂಗಟ ಜಗಳಾ?"

"ಹೌದು, ಜಗಳಾಡ್ಲಿಕ್ಕೇ ಹೊಂಟೀನಿ. ಐದು ವರ್ಷದ್ದು ಬಾಕಿ ಅದ."

ರೋಗಿಗಳಿಗೆ ಕಸರತ್ತು ಮಾಡಿಸುವ ಹೆಂಗಸು ಒಮ್ಮೆ ಇದರ ಬಗ್ಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ದೂರು ಕೊಟ್ಟಿದ್ದಳು. ವಿಚಾರಿಸಿದಾಗ ಏಳನೇ ಹಾಸಿಗೆಯವಳೇ, "ಅಂವಾ ಒಬ್ಬನೇ ನನ್ನ ಸಂಗಟ ಸೀದಾ ಮಾತಾಡ್ತಾನ್ರೀ, ಉಳಿದವ್ರು ಹೆಣದ ಮುಂದ ಮಾತಾಡಿದಂಗ ಮಾತಾಡ್ತಾರ" ಎಂದು ಹೇಳಿದಳು. ಮಿಸ್ತ್ರಿ ಎಲ್ಲರೊಡನೆಯೂ ಹೀಗೇ ಇದ್ದರು. ಹೊಸದಾಗಿ ಬಂದ ಒಬ್ಬ ತಾಯಿ ಮಗನ ಹಾಸಿಗೆಯ ಬಳಿ ಅಳುತ್ತಿದ್ದಾಗ, "ಸಾಕು ಮಾಡವ್ವಾ, ಇಲ್ಲಿ ನೀರು ದಿನ ಬಿಟ್ಟು ದಿನ ಬರತದ" ಅಂದಿದ್ದರು. ಆಕೆ ಅವರಿಗೆ ಹಿಡಿಶಾಪ ಹಾಕಿದಳು. ಅವರು ನಿಂತು ಪೂರ್ತಿ ಕೇಳಿಸಿಕೊಂಡು ಹೋದರು.

ಎಳ್ಳಮಾಸೆ ಈ ಸೀಮೆಯ ದೊಡ್ಡ ಹಬ್ಬ. ಅಂದು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹೊತ್ತುಕೊಂಡು ಹೋಗಿ, ಭೂಮಿಗೆ ಚರಗ ಚೆಲ್ಲಿ ಉಣ್ಣುತ್ತಾರೆ. ಚರಗವೆಂದರೆ ಅನ್ನವನ್ನು ನಾಲ್ಕೂ ದಿಕ್ಕಿಗೆ ಎರಚಿ ನೆಲಕ್ಕೆ ಉಣಿಸುವುದು. ಆ ದಿನ ಆಸ್ಪತ್ರೆಯಲ್ಲಿ ಆಯಾಗಳಿಲ್ಲ, ಜವಾನನಿಲ್ಲ. ಸೂಪರಿಂಟೆಂಡೆಂಟರು, ಒಬ್ಬ ನರ್ಸು, ಅಡುಗೆಯವಳು, ಮಿಸ್ತ್ರಿ, ನಾನು. ಮಿಸ್ತ್ರಿಯೂ ಮಧ್ಯಾಹ್ನ ಹೆಂಡತಿಯ ತವರಿನ ಹೊಲಕ್ಕೆ ತುರೋರಿಗೆ ಹೋಗಬೇಕಿತ್ತು.

ಹಬ್ಬದ ಸುದ್ದಿ ಗೊತ್ತಿಲ್ಲದ ಹೊರದೇಶದವರು ಅದೇ ದಿನ ಹನ್ನೆರಡಕ್ಕೆ ಬರುವುದಾಗಿ ಬರೆದಿದ್ದರು. ಬೆಳಗ್ಗೆ ಎಂಟಕ್ಕೆ ಏಳನೇ ಹಾಸಿಗೆಯ ಪಕ್ಕದ ವಾಲ್ವ್ ಸೋರತೊಡಗಿತು. ನೆಲದ ಮೇಲೆ ತುಕ್ಕಿನ ನೀರು. ಸೂಪರಿಂಟೆಂಡೆಂಟರು ಮಿಸ್ತ್ರಿಯನ್ನು ಕರೆಸಿದರು. ನಾನು ಅಲ್ಲಿದ್ದೆ.

"ಸಾಹೇಬ್ರ, ನೀರು ಕಾದದ. ಬರ್ನರ್ ಬಂದ್ ಮಾಡಿದ್ರೂ ಆರಲಿಕ್ಕ ಸಂಜಿ ಆಗ್ತದ. ನಾಳಿ ಮಾಡ್ತೀನಿ."

"ಪಾವಣೆ ಆಜ ಯೇಣಾರ, ಮಿಸ್ತ್ರಿ. ತೆ ಹಾತ ಲಾವೂನ ಬಘತಾತ. ಗರಮ ಪಾಹಿಜೆ. ಆಣಿ ಗಳಾಯಲಾ ನಕೊ." ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಅತಿಥಿಗಳು ಇಂದೇ ಬರುತ್ತಾರೆ, ಕೈಮುಟ್ಟಿ ನೋಡುತ್ತಾರೆ, ಬಿಸಿಯಿರಬೇಕು, ಸೋರಬಾರದು. ಆಮೇಲೆ ಅವರು ತಮ್ಮ ಮುರುಕು ಕನ್ನಡದಲ್ಲಿ ಸೇರಿಸಿದರು: "ನಿಮಗೆ ಆಗೋದಿಲ್ಲ ಅಂದ್ರೆ ಹೇಳಿ. ಸೋಲಾಪುರದಿಂದ ಬೇರೆ ಫಿಟರ್ ಇದ್ದಾನೆ."

ಮಿಸ್ತ್ರಿ ಹೊರಗೆ ಬಂದು ನನಗೆ ಹೇಳಿದರು: "ಹತ್ತು ಎಣಸೋದ್ರಾಗ ಮುಗಸ್ತೀನಿ. ನೀ ಮ್ಯಾಲ ನಿಂದ್ರು. ನಾ ಆತು ಅನ್ನೋತನಕ ನಿಮ್ಮಪ್ಪ ಸತ್ತಾನಂದ್ರೂ ತೆಳಗ ಇಳೀಬ್ಯಾಡ."

ಅಡುಗೆಯವಳು ಹಬ್ಬದ ದಿನ ಹಿಟ್ಟು ಕೊಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೇಳದೆ, ಅವಳು ನಾದಿಟ್ಟಿದ್ದ ಸಜ್ಜೆಯ ಕಣಕದಲ್ಲೇ ಒಂದು ಮುಷ್ಟಿ ಕಿತ್ತುಕೊಂಡರು. ನಾವಿಬ್ಬರೂ ಮಾಳಿಗೆ ಹತ್ತಿದೆವು. ತೊಟ್ಟಿಗೆ ಗೂಟ ಬಡಿದರು. ಉಸಿರಿನ ಪೈಪಿಗೆ ಇನ್ನೊಂದು ಗೂಟವಿಟ್ಟು ಕಣಕ ಮೆತ್ತಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಕಿವಿಯಿಟ್ಟು ಕೇಳಿ ಕೆಳಗೆ ಹೋದರು.

ನಾನು ಮೂರು ನಿಮಿಷ ನಿಂತಿದ್ದೆ. ಹೆದ್ದಾರಿಯಿಂದ ಎರಡು ಜೀಪು ಆಸ್ಪತ್ರೆಯ ಕಡೆಗೆ ತಿರುಗಿದವು. ಅತಿಥಿಗಳು ಒಂದು ತಾಸು ಮೊದಲೇ ಬಂದಿದ್ದರು. ಗೇಟಿಗೆ ಬೀಗ, ಜವಾನನಿಲ್ಲ, ಕೀಲಿಕೈ ನನ್ನ ಜೇಬಿನಲ್ಲಿ. ಸೂಪರಿಂಟೆಂಡೆಂಟರು ಅಂಗಳದಲ್ಲಿ ನಿಂತು ನನ್ನನ್ನು ಕೂಗಿದರು. ಎರಡನೇ ಸಲ ಕೂಗಿದಾಗ ನಾನು ಇಳಿದೆ. ಕೀಲಿಕೈಯನ್ನು ಮೇಲಿನಿಂದ ಎಸೆಯಬಹುದಿತ್ತು. ಎಸೆಯಲಿಲ್ಲ.

ಅಡುಗೆಯವಳು ಒಕ್ಕಲುತನದ ಮನೆಯವಳು, ಲಿಂಗಪೂಜೆಯಾಗದೆ ನೀರು ಮುಟ್ಟದವಳು. ಹೊಲಕ್ಕೆ ಹೋಗಲು ರಜೆ ಸಿಕ್ಕಿರಲಿಲ್ಲ. ಮಾಳಿಗೆಯ ಮೇಲಿಂದ ತಮ್ಮ ಹೊಲದ ಬೇವಿನ ಮರ ಕಾಣುತ್ತದೆಂದು ಎಡೆಯ ಪರಾತ ತಟ್ಟೆ ಹಿಡಿದುಕೊಂಡು ಅಲ್ಲಿಂದಲೇ ಚರಗ ಚೆಲ್ಲಲು ಹಿಂದಿನ ಮೆಟ್ಟಿಲಿನಿಂದ ಹತ್ತಿದಳು. ಭೂಮಿಗೆಂದು ನಾದಿದ ಕಣಕ ಕಬ್ಬಿಣದ ಪೈಪಿಗೆ ಮೆತ್ತಿದ್ದನ್ನು ನೋಡಿದಳು. ಯಾರೋ ಅನ್ನದೊಂದಿಗೆ ಚೇಷ್ಟೆ ಮಾಡಿದ್ದಾರೆಂದು ಅವಳಿಗೆ ಅನ್ನಿಸಿತು. ಗೂಟದ ಸಮೇತ ಕಿತ್ತು, ಕಣಕವನ್ನು ಬಿಡಿಸಿಕೊಂಡು, ಕಣ್ಣಿಗೆ ಒತ್ತಿಕೊಂಡು, ಹೊಲದ ದಿಕ್ಕಿಗೆ ಎಸೆದು ಹಬ್ಬದ ಕೂಗು ಕೂಗಿದಳು. ಈ ವಿವರ ಅವಳೇ ನನಗೆ ಹೇಳಿದ್ದು.

ವಾರ್ಡಿನಲ್ಲಿ ಆದದ್ದನ್ನು ಆರನೇ ಮತ್ತು ಎಂಟನೇ ಹಾಸಿಗೆಯವರು ಹೇಳಿದ್ದಾರೆ. ಇಬ್ಬರ ಮಾತೂ ಹೊಂದುತ್ತದೆ. ಏಳನೇ ಹಾಸಿಗೆಯವಳು ಅತಿಥಿಗಳಿಗಾಗಿ ಕೆಳಗೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕಾಲಿಗೆ ಅದೇ ಅತಿಥಿಗಳು ಕಳಿಸಿದ್ದ ಉಣ್ಣೆಯ ಕಾಲುಚೀಲ, ಮೇಲೆ ಕಂಬಳಿ.

"ನಿನ್ನ ಎತ್ತಿ ಆಚೀಗಿ ಇಡ್ಲೇನು?" ಎಂದು ಮಿಸ್ತ್ರಿ ಕೇಳಿದರು.

"ನಾ ಏನು ಜ್ವಾಳದ ಚೀಲಾ? ಹತ್ತು ಎಣಸೋದ್ರಾಗ ಮುಗಸ್ತೀನಿ ಅಂತ ಊರಿಗೆಲ್ಲಾ ಹೇಳೀಯಂತ. ಆಗಲಿಲ್ಲಂದ್ರ ಸೋಲಾಪುರದಾಂವ ಬರ್ತಾನಂತ. ಮಾಡು, ನಾ ಎಣಸ್ತೀನಿ."

ಮಿಸ್ತ್ರಿ ಅವಳನ್ನು ಎತ್ತಲಿಲ್ಲ. ವಾಲ್ವ್ ಬಿಚ್ಚಿದರು. ಒಂದು ಬಟ್ಟಲು ನೀರು ಬಿತ್ತು, ನಿಂತಿತು. ಆಕೆ ನಾಲ್ಕು ಎಂದು ಎಣಿಸುವಾಗ ಪೈಪಿನೊಳಗೆ ಯಾರೋ ದೀರ್ಘವಾಗಿ ಉಸಿರೆಳೆದಂತೆ ಸದ್ದಾಯಿತು. ಮರುಕ್ಷಣ ಹೆಬ್ಬೆರಳು ದಪ್ಪದ ನೀರು ಹಬೆಯೊಡನೆ ಹೊರಗೆ ಬಂತು. ಮಿಸ್ತ್ರಿ ಬಲ ಅಂಗೈಯನ್ನು ಪೈಪಿನ ಬಾಯಿಗೆ ಒತ್ತಿಹಿಡಿದರು. ಎಡಗೈಯಿಂದ ಹೊಸ ವಾಲ್ವ್ ತಿರುಗಿಸಲು ನೋಡಿದರು. ನೀರು ಬೆರಳ ಸಂದಿಯಿಂದ ಎಲ್ಲ ದಿಕ್ಕಿಗೂ ಹಾರುತ್ತಿತ್ತು. ಆಕೆ ನಗುತ್ತಿದ್ದಳು.

"ಹತ್ತಾತು ಮಿಸ್ತ್ರಿ. ಹನ್ನೊಂದು. ಹನ್ನೆರಡು. ಸೋಲಾಪುರದಾಂವ್ಗ ಕರಿರಿ ಯಾರರೆ. ಹದಿಮೂರು."

ಇಪ್ಪತ್ತಾರಕ್ಕೆ ವಾಲ್ವ್ ಕೂತಿತು. ಮಿಸ್ತ್ರಿ ಕೈ ತೆಗೆದು ಮೊದಲು ಚಾವಣಿ ನೋಡಿದರು. ಆಮೇಲೆ ಕಂಬಳಿಯನ್ನು ನೋಡಿದರು. ಅದರಿಂದ ಹಬೆ ಏಳುತ್ತಿತ್ತು.

"ಬಾಯಿ ಮುಚ್ಚು," ಅಂದರು. "ನಿನ್ನ ಕಾಲು."

"ನನ್ನ ಕಾಲಿಗೇನಾತು? ಅವು ಎಲ್ಲಿ ಅವ ಅಂತ ನನಗೇ ಗೊತ್ತಿಲ್ಲ."

ಕಂಬಳಿ ಸರಿಸಿದರು. ಉಣ್ಣೆ ಕುದಿಯುವ ನೀರನ್ನು ಕುಡಿದು ಹಿಡಿದುಕೊಂಡಿತ್ತು. ನರ್ಸು ಓಡಿಬಂದು ಕಾಲುಚೀಲ ಎಳೆದಾಗ ಚರ್ಮ ಅದರೊಂದಿಗೆ ಬಂತು. ಅದನ್ನು ನೋಡಿದ ಮೇಲೆ ಆಕೆ ಎಣಿಸುವುದನ್ನು ನಿಲ್ಲಿಸಿದ ಹಾಗೆ ನಗುವುದನ್ನೂ ನಿಲ್ಲಿಸಿದಳು. ನೋವಿರಲಿಲ್ಲ. ಹಿಮ್ಮಡಿ ನೋಡಿರಿ, ಹಿಮ್ಮಡಿ ನೋಡಿರಿ ಎಂದು ಮಾತ್ರ ಅನ್ನುತ್ತಿದ್ದಳು. ಹೊರಗೆ ಅತಿಥಿಗಳು ಜೀಪಿನಿಂದ ಇಳಿಯುತ್ತಿದ್ದರು. ಅವರನ್ನು ಗಂಡಸರ ವಾರ್ಡಿಗೆ ಕರೆದೊಯ್ಯಲಾಯಿತು. ಅಲ್ಲಿಯ ರೇಡಿಯೇಟರ್ ಮುಟ್ಟಿ ನೋಡಿ, ಬೆಚ್ಚಗಿದೆ ಎಂದರು.

ಮರುದಿನ ವಿಚಾರಣೆ. ಸೂಪರಿಂಟೆಂಡೆಂಟರ ಮೇಜಿನ ಮುಂದೆ ಮಿಸ್ತ್ರಿ, ಅಡುಗೆಯವಳು, ನಾನು. ಮಿಸ್ತ್ರಿಯ ಬಲಗೈಗೆ ಮೊಣಕೈವರೆಗೆ ಪಟ್ಟಿ.

"ಕಣಕ ಮೆತ್ತಗಾಗಿತ್ತು," ಎಂದರು ಮಿಸ್ತ್ರಿ. "ನಾ ಸರಿಯಾಗಿ ನಾದಲಿಲ್ಲ."

ಅಡುಗೆಯವಳು ಬಾಯಿ ತೆರೆದಳು. ಮಿಸ್ತ್ರಿ ಅವಳ ಕಡೆ ತಿರುಗಿದರು. "ನೀ ರೊಟ್ಟಿ ಬಡಿ ಹೋಗು. ಪೈಪಿನ ಮಾತಿನ್ಯಾಗ ನಿನ್ನದೇನು?"

ನಾನು ಏನೂ ಹೇಳಲಿಲ್ಲ. ಸೂಪರಿಂಟೆಂಡೆಂಟರು ಬಿಸಿನೀರಿನಲ್ಲೇ ಕೆಲಸ ಮಾಡಲು ತಾವು ಹೇಳಿದ್ದನ್ನು ಬರೆಸಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಮಿಸ್ತ್ರಿಯನ್ನು ಹಿಡಿದು, ಯಾಕೆ ಹೀಗೆ ಹೇಳಿದಿರಿ ಎಂದು ಕೇಳಿದೆ.

"ನಿನ್ನ ಸಲುವಾಗಿ ಅಂತ ತಿಳಕೊಂಡೀಯೇನು? ನಿನ್ನ ಹೆಸರ ಹೇಳಿದ್ರ, ನನ್ನ ಕೆಲಸ ನಿನ್ನಂಥಾಂವನ ಕೈಯಾಗ ಇತ್ತು ಅಂದಂಗ ಆಗ್ತದ. ಮೂವತ್ತು ವರ್ಷ ಬಾಯ್ಲರ್ ಮುಂದ ನಿಂತೀನಿ. ಅಷ್ಟು ಹಲ್ಕಟ್ ಆಗಿಲ್ಲ ನಾ ಇನ್ನಾ."

ಆ ಸಂಜೆ ನಾನು ಪತ್ರಿಕೆಗೆ ನಾಲ್ಕು ಸಾಲು ಕಳಿಸಿದೆ. ಆಸ್ಪತ್ರೆಯ ಹೇಳಿಕೆಯನ್ನು ಆಧರಿಸಿ 'ಫಿಟರನ ನಿರ್ಲಕ್ಷ್ಯದಿಂದ' ಎಂದು ಬರೆದೆ. ಅದು ಒಳಪುಟದಲ್ಲಿ ಅಚ್ಚಾಯಿತು. ಅದೇ ವಾರ ಮಿಸ್ತ್ರಿಯನ್ನು ಕೆಲಸದಿಂದ ತೆಗೆದರು.

ಸಂಕ್ರಾಂತಿ ಮುಗಿದ ವಾರ ಏಳನೇ ಹಾಸಿಗೆಯವಳ ಗಂಡ ಬಂದ. ಕರೆದುಕೊಂಡು ಹೋಗಲು ತಂದಿದ್ದ ಟೆಂಪೋ ಹೊರಗೆ ನಿಂತಿತ್ತು. ಆಸ್ಪತ್ರೆಯ ಪತ್ರ ಅವನಿಗೆ ಮುಟ್ಟಿರಲಿಲ್ಲ. ಬೆಂದ ಗಾಯ ಕೊಳೆತಿದ್ದರಿಂದ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದು ಆಗ ನಾಲ್ಕು ದಿನವಾಗಿತ್ತು. ಅವನು ಹಾಸಿಗೆಯ ಪಕ್ಕ ಕೂತ. ತಂದ ಶೇಂಗಾ ಬಿಚ್ಚಿ ಅವಳಿಗೊಂದಿಷ್ಟು ಸುಲಿದುಕೊಟ್ಟ.

"ಟೆಂಪೋದಾಂವ್ಗ ಏನು ಹೇಳ್ಲಿ?" ಎಂದು ಕೇಳಿದ.

"ಹೋಗಂತ ಹೇಳು," ಎಂದಳು ಆಕೆ.

ಯುಗಾದಿಗೆ ಮುಂಚೆ ಅವನ ಮದುವೆಯಾಯಿತು.

ಮಿಸ್ತ್ರಿ ಉದಗೀರಿಗೆ ಹೋಗಿ ಲಾಡ್ಜ್ ಒಂದರ ಬಿಸಿನೀರಿನ ಬಾಯ್ಲರ್ ನೋಡಿಕೊಳ್ಳತೊಡಗಿದರು. ನಾಲ್ಕು ವರ್ಷದ ಮೇಲೆ ಜಳಕೋಟದ ಸುದ್ದಿಯೊಂದಕ್ಕೆ ಹೋದವನು ಉದಗೀರಿನ ಆ ಲಾಡ್ಜಿನಲ್ಲಿ ಉಳಿದೆ. ಅವರ ಬಲಗೈಯ ಎರಡು ಬೆರಳು ಅಂಗೈಗೆ ಅಂಟಿಕೊಂಡಂತೆ ಮಡಚಿದ್ದವು. ಮೇಲಿನ ಅಂತಸ್ತಿನಲ್ಲಿ ಒಂದು ವಾಲ್ವ್ ಬದಲಿಸುತ್ತಿದ್ದರು. ಮಾಲೀಕ ಹಿಂದೆ ನಿಂತು, ಇಷ್ಟು ನೀರು ಮೋರಿಗೆ ಬಿಡ್ತೀಯಲ್ಲೋ, ನಿಮ್ಮಪ್ಪ ಕೊಡ್ತಾನೇನು ಟ್ಯಾಂಕರ್ ಎಂದು ಬಯ್ಯುತ್ತಿದ್ದ. ಮಿಸ್ತ್ರಿ ಕೊನೆಯ ಹನಿ ಹೋಗುವವರೆಗೂ ಮೋರಿಯ ಬಳಿ ಕೂತಿದ್ದರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡರು.

ನನ್ನನ್ನು ನೋಡಿದರು. "ಈಗ ನಾ ಮ್ಯಾಲ ಯಾರಿಗೂ ನಿಂದ್ರಸಂಗಿಲ್ಲ," ಅಂದರು. ಮತ್ತೆ ವಾಲ್ವಿನ ಕಡೆ ತಿರುಗಿದರು. ಅದೇ ನಮ್ಮ ಕೊನೆಯ ಭೇಟಿ. ಮುಂದೆ ಕಾಮಾಲೆಯಾಗಿ ತುರೋರಿಯಲ್ಲಿ, ಹೆಂಡತಿಯ ತವರುಮನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ತಿಳಿದದ್ದು ಮಣ್ಣಾದ ಮೂರನೇ ದಿನ. ಆ ಆಸ್ಪತ್ರೆ ಈಗಿಲ್ಲ.

ಹೋದ ತಿಂಗಳು ನಾನು ನಿಲಂಗಾಕ್ಕೆ ಹೋಗಿದ್ದೆ. ಆಕೆ ಅಣ್ಣನ ಮನೆಯಲ್ಲಿದ್ದಾಳೆ. ಹೊರಗಿನ ಕೋಣೆಯಲ್ಲಿ ಗಾಲಿಕುರ್ಚಿಯ ಮೇಲೆ ಕೂತು ಬ್ಲೌಸಿಗೆ ಗುಂಡಿ ಹಚ್ಚುತ್ತಿದ್ದಳು. ಕುಶಲ ಕೇಳಿದ ಮೇಲೆ, ಅಂದು ಮಾಳಿಗೆಯ ಮೇಲೆ ನಿಲ್ಲಬೇಕಾಗಿದ್ದವನು ನಾನು ಎಂದು ಹೇಳಿದೆ.

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಗೊತ್ತದ. ಮಿಸ್ತ್ರಿ ಆವತ್ತೇ ಹೇಳ್ಯಾರ. ಪಟ್ಟಿ ಕಟ್ಟಿದ ಮ್ಯಾಲ ಬಂದು ನನ್ನ ಮಂಚದ ಬಲ್ಲಿ ನಿಂತು ಎಲ್ಲಾ ಹೇಳ್ಯಾರ. ಸ್ಟೋರಿನಾಂವ ಇಳದು ಹೋಗಿದ್ದ ಅಂತ. ಅಡಗೀ ಮಾಡಾಕಿ ಕಣಕಾ ತಗದಾಳ ಅಂತ. ನೀರು ಆರೋತನಕ ತಡೀಬೇಕಾಗಿತ್ತು, ತಡೀಲಿಲ್ಲ ಅಂತ ಭೀ. ನಿನಗ ಎತ್ತಿ ಆಚಿಗಿ ಇಡಬೇಕಾಗಿತ್ತು, ಇಡಲಿಲ್ಲ ಅಂತ ಭೀ. ಯಾರಿಗಿ ಬೈತಿ ಬೈ, ಎಲ್ಲಾರ ಹೆಸರೂ ಹೇಳೀನಿ ಅಂದ್ರು."

"ಯಾರನ್ನ ಬೈದಿರಿ?"

"ಅವರಿಗೇ ಬೈದೆ. ಎದರಿಗೆ ಅವರೇ ಇದ್ರಲ್ಲ." ಸೂಜಿಯನ್ನು ಮತ್ತೆ ಎತ್ತಿಕೊಂಡು ಆಕೆ ಹೇಳಿದಳು: "ಆಮ್ಯಾಲ ಎಂಟು ತಿಂಗಳು ನಾ ಅಲ್ಲೇ ಇದ್ದೆ. ದಿನಾ ನನ್ನ ಮುಂದೇ ಹಾದು ಹೋಗ್ತಿದ್ರಿ. ನಮಸ್ಕಾರ್ರೀ ಅಂತಿದ್ರಿ. ನಾನೂ ನಮಸ್ಕಾರ್ರೀ ಅಂತಿದ್ದೆ."

ಆಕೆಯ ಅತ್ತಿಗೆ ಚಹಾ ತಂದಿಟ್ಟಳು. ನಾನು ಕುಡಿದು ಎದ್ದೆ. ಎಡಗಾಲಿಗೆ ಈಗಲೂ ವಾರಕ್ಕೆರಡು ಸಲ ಪಟ್ಟಿ ಕಟ್ಟುತ್ತಾರೆ. ಹಿಮ್ಮಡಿ ಇನ್ನೂ ಮುಚ್ಚಿಲ್ಲ.